ಒಂದು ಕಳೆದು ಅರ್ಧ ಕೂಡಿಸು

ಜನವರಿ 6, ಸೋಮವಾರ

ಹೊಸ ಡೈರಿಯ ಮೊದಲ ಐದು ಪುಟ ಖಾಲಿ ಬಿಟ್ಟಿದ್ದೇನೆ. ನಮ್ಮ ಯಜಮಾನರ ವಿಮಾ ಕಚೇರಿಯವರು ನಿವೃತ್ತರಾದವರಿಗೂ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಅವರು ಅದನ್ನು ಮುಟ್ಟುವುದಿಲ್ಲ, ನಾನು ಬಿಡುವುದಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ, ಬರೆಯಲಿಲ್ಲ. ಇವತ್ತು ಆಗಿದೆ. ಹದಿನೆಂಟು ಹುಡುಗಿಯರ ಮುಂದೆ ನನ್ನ ಮಾನ ಹೋಯಿತು.

ಹಲಸೂರಿನ ನಮ್ಮ ಹೊಲಿಗೆ ತರಬೇತಿ ಕೇಂದ್ರದಲ್ಲಿ ಇಪ್ಪತ್ತಮೂರು ವರ್ಷದಿಂದ ಕಟಿಂಗ್ ಕಲಿಸುತ್ತಿದ್ದವಳು ನಾನೊಬ್ಬಳೇ. ನವೆಂಬರಿನಲ್ಲಿ ಮೆಹ್ವಿಶ್ ಎಂಬ ಹೊಸಬಳನ್ನು ತಂದು ನನ್ನ ಪಕ್ಕದಲ್ಲಿ ಕೂರಿಸಿದರು. ಶಿವಾಜಿನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಖಾದರ್ ಎಂಬವರ ಮಗಳು, ವಯಸ್ಸು ಇಪ್ಪತ್ತೊಂಬತ್ತು. ಫ್ರೇಜರ್ ಟೌನಿನಿಂದ ಸ್ಕೂಟರಿನಲ್ಲಿ ಬರುತ್ತಾಳೆ. ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಅರ್ಧ ಗಂಟೆ ಬೆಂದು, ಆಟೋ ಮೆಟ್ರೋ ಎಲ್ಲ ಹತ್ತಿ ಇಳಿದು ನಾನು ಬರುವಷ್ಟರಲ್ಲಿ ಅವಳು ಕಿಟಕಿ ತೆಗೆದು, ನನ್ನ ಟೇಬಲ್ ಒರೆಸಿ, ನಗುತ್ತಾ ನಿಂತಿರುತ್ತಾಳೆ. ಬೆಳಿಗ್ಗೆ ಬೆಳಿಗ್ಗೆ ಆ ನಗು ನೋಡಿದರೆ ನನಗೆ ಮೈ ಉರಿಯುತ್ತದೆ.

ಇವತ್ತು ಹಲಗೆಯ ಮೇಲೆ ಕುರ್ತಾದ ಲೆಕ್ಕ ಬರೆದೆ: ಎದೆ + 6 ÷ 4. ಎದೆಯ ಸುತ್ತಳತೆಗೆ ಆರಿಂಚು ಲೂಸ್ ಸೇರಿಸಬೇಕು, ಬಂದದ್ದನ್ನು ನಾಲ್ಕು ಭಾಗ ಮಾಡಬೇಕು. ಮೂವತ್ತಾರು ಎದೆಗೆ ಹತ್ತೂವರೆ. ಇಷ್ಟು ವರ್ಷ ಒಬ್ಬಳೂ ಇದಕ್ಕೆ ಚಕಾರವೆತ್ತಿರಲಿಲ್ಲ. ಇವತ್ತು ಎತ್ತಿದವಳು ಮಧುರಾ. ಈ ಬ್ಯಾಚಿನಲ್ಲಿ ನನಗೆ ಎಲ್ಲರಿಗಿಂತ ಬೇಕಾದವಳು ಅವಳೇ. ಬಿ.ಕಾಂ. ಓದಿದ್ದಾಳೆ, ಕೈ ಚುರುಕು, ಮೊದಲ ದಿನದಿಂದ ನನ್ನ ಮೊಣಕೈಗೆ ಅಂಟಿಕೊಂಡೇ ಕಲಿತವಳು. ಫೋನಿನಲ್ಲಿ ಒತ್ತಿ ನೋಡಿ ಎದ್ದು ನಿಂತಳು.

“ಮೇಡಂ, ಮೂವತ್ತೇಳೂವರೆ ಬರ್ತಿದೆ. ಒಂದ್ ಕಾಲುಭಾಗಕ್ಕೇ ಇಷ್ಟಾದ್ರೆ ಇದು ಕುರ್ತಾನಾ, ಶಾಮಿಯಾನಾನಾ?”

ತರಗತಿಯೆಲ್ಲ ನಕ್ಕಿತು. ನಾನು ಡ್ರಾಯರಿನಿಂದ ಕೇಂದ್ರದ ಹಳೆಯ ಕ್ಯಾಲ್ಕುಲೇಟರ್ ತೆಗೆದು ಅದೇ ಲೆಕ್ಕವನ್ನು ಅದೇ ಕ್ರಮದಲ್ಲಿ ಒತ್ತಿ ತೋರಿಸಿದೆ. ಹತ್ತೂವರೆ ಬಂತು. ಫೋನು ಒಂದು ಹೇಳುತ್ತದೆ, ಕ್ಯಾಲ್ಕುಲೇಟರ್ ಇನ್ನೊಂದು. ಫೋನೇ ಸರಿ, ಶಾಲೆಯಲ್ಲಿ ಕಲಿತ ಬಾಡ್‌ಮಾಸ್ ನಿಯಮದ ಪ್ರಕಾರ ಭಾಗಿಸುವುದು ಮೊದಲು, ಕೂಡುವುದು ಆಮೇಲೆ ಎಂದು ಮಧುರಾ ವಾದಕ್ಕೇ ನಿಂತಳು. ಆರನ್ನು ನಾಲ್ಕರಿಂದ ಭಾಗಿಸಿದರೆ ಒಂದೂವರೆ, ಅದನ್ನು ಮೂವತ್ತಾರಕ್ಕೆ ಸೇರಿಸಿದರೆ ಮೂವತ್ತೇಳೂವರೆಯಂತೆ. ಅರ್ಧ ತರಗತಿ ಅವಳ ಕಡೆ, ಅರ್ಧ ನನ್ನ ಕಡೆ. ಆಗ ಹಿಂದಿನಿಂದ ಹೊಸಬಳು ಬಂದಳು. ನನ್ನ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡು ‘ಎದೆ + 6’ರ ಆಚೆ ಒಂದು ಈಚೆ ಒಂದು ಬ್ರ್ಯಾಕೆಟ್ ಹಾಕಿದಳು. ಇನ್ನು ಫೋನೂ ಕ್ಯಾಲ್ಕುಲೇಟರೂ ಜಗಳವಾಡುವುದಿಲ್ಲ ಎಂದಳು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಎರಡು ಬಾಗಿದ ಗೆರೆಗೆ ಚಪ್ಪಾಳೆ. ನಾನು ಅದೇ ಹಲಗೆಯ ಮೇಲೆ ಇಡೀ ಸಫಾರಿ ಸೂಟಿನ ಅಳತೆ ಬರೆದಾಗ ಯಾರೂ ತಟ್ಟಿರಲಿಲ್ಲ.

ಜನವರಿ 7, ಮಂಗಳವಾರ

ಯಜಮಾನರಿಗೆ ಹೇಳಬಾರದಿತ್ತು. ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿದೆ. ಅವರು ಸಾರಿನ ತಟ್ಟೆ ಪಕ್ಕಕ್ಕೆ ಸರಿಸಿ ಹಳೆಯ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಮಾಡಿದರು.

“ನೀನು ಬರೆದಿರೋ ಪ್ರಕಾರ ಮೂವತ್ತೇಳೂವರೇನೇ ಕಣೇ. ಆ ಹುಡುಗಿ ಬ್ರ್ಯಾಕೆಟ್ ಹಾಕಿದ್ದು ಸರಿಯಾಗಿದೆ.”

ಮೂವತ್ತೊಂದು ವರ್ಷ ನಾನು ಹೊಲಿದ ಅಂಗಿಯನ್ನೇ ಹಾಕಿಕೊಂಡು ಕಚೇರಿಗೆ ಹೋದ ಮನುಷ್ಯ ಹೇಳುವ ಮಾತು ಇದು. ಆ ಅಂಗಿಗಳಿಗೆ ಯಾವ ಬ್ರ್ಯಾಕೆಟ್ ಇತ್ತು ಎಂದು ಕೇಳಿದೆ. ಹಪ್ಪಳ ಬಡಿಸಲಿಲ್ಲ.

ನನಗೆ ಕಟಿಂಗ್ ಕಲಿಸಿದ್ದು ಹಲಸೂರು ಬಜಾರಿನ ಮುನಿಆಂಜನಪ್ಪ ಮೇಷ್ಟ್ರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲ ಬಾಯಲ್ಲೇ. ಹೇಳಿದ ಕ್ರಮದಲ್ಲೇ ಮಾಡು ತಾಯಿ ಎನ್ನುತ್ತಿದ್ದರು, ಅಷ್ಟೇ ನಿಯಮ. ಆರು ಸೇರಿಸು ಎಂದರೆ ಸೇರಿಸುವುದು, ಆಮೇಲೆ ನಾಲ್ಕು ಭಾಗ ಮಾಡು ಎಂದರೆ ಮಾಡುವುದು. ಕೈ ಹೇಗೆ ಹೋಗುತ್ತದೋ ಲೆಕ್ಕವೂ ಹಾಗೆ. ನಾನು ಅವರ ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆದುಕೊಂಡೆ. ಅವರ ಅಂಗಡಿಯಿಂದ ಒಂದು ಶಾಮಿಯಾನವೂ ಹೊರಗೆ ಹೋಗಲಿಲ್ಲ.

ಜನವರಿ 10, ಶುಕ್ರವಾರ

ಯಜಮಾನರು ನನ್ನ ಲೆಕ್ಕವನ್ನು ತಮ್ಮ ಬೆಳಗಿನ ವಾಕಿಂಗ್ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಮೂರು ದಿನದಿಂದ ಅಲ್ಲಿ ಯುದ್ಧ. ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರೆಲ್ಲ ಮೂವತ್ತೇಳೂವರೆ, ಅಂಗಡಿ ಇಟ್ಟವರೆಲ್ಲ ಹತ್ತೂವರೆ. ಬ್ಯಾಂಕಿನಲ್ಲಿದ್ದ ಒಬ್ಬರು ಎರಡೂ ಸರಿ ಎಂದು ಹೇಳಿ ಎರಡೂ ಕಡೆಯಿಂದ ಉಗಿಸಿಕೊಂಡರಂತೆ. ಶ್ರೀರಾಮಪ್ಪನವರು ಸಿಟ್ಟಿನಿಂದ ಗುಂಪು ಬಿಟ್ಟು ಹೋದರು, ಈಗ ಪಾರ್ಕಿನಲ್ಲೂ ಉಲ್ಟಾ ದಿಕ್ಕಿನಲ್ಲಿ ನಡೆಯುತ್ತಿದ್ದಾರೆ. ಓದಿ ಓದಿ ನಕ್ಕೆ. ಓದಿದವರೇ ಕಿತ್ತಾಡುವಾಗ ನನ್ನದೇನು ತಪ್ಪು?

ಕೇಂದ್ರಕ್ಕೆ ಹೋದ ಮೇಲೆ ನಗು ಇಳಿಯಿತು. ಮಧುರಾ ತನ್ನ ನೋಟ್‌ಬುಕ್ಕಿನ ಹಳೆಯ ಕುರ್ತಾ ಪುಟಗಳಿಗೆಲ್ಲ ಕೆಂಪು ಶಾಯಿಯಲ್ಲಿ ಬ್ರ್ಯಾಕೆಟ್ ಹಾಕಿಕೊಂಡು ಬಂದಿದ್ದಾಳೆ. ನಾನು ಬರೆಸಿದ ಪುಟಗಳು ಅವು. ಜ್ವರ ಬಂದ ಮಗುವಿಗೆ ಯಾರೋ ಮಂತ್ರಿಸಿ ದಾರ ಕಟ್ಟಿದ ಹಾಗೆ ಕಂಡವು.

ಜನವರಿ 14, ಮಂಗಳವಾರ

ಸಂಕ್ರಾಂತಿ. ರಜೆ. ನಿನ್ನೆಯೇ ಕೇಂದ್ರಕ್ಕೆ ಎಳ್ಳು ಬೆಲ್ಲ ಒಯ್ದು ಎಲ್ಲರಿಗೂ ಕೊಟ್ಟೆ. ಆ ಹೊಸಬಳಿಗೂ ಕೊಟ್ಟೆ, ಕೊಡಲಿಲ್ಲ ಎಂದಾಗಬಾರದಲ್ಲ. ಕೊನೆಯಲ್ಲಿ ಉಳಿದ ಸಣ್ಣ ಪೊಟ್ಟಣ, ಅದರಲ್ಲಿ ಸಕ್ಕರೆ ಅಚ್ಚು ಇರಲಿಲ್ಲ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಧುರಾ ತನ್ನ ಪೊಟ್ಟಣದ ಅಚ್ಚನ್ನು ತೆಗೆದು ಅವಳದಕ್ಕೆ ಹಾಕಿದಳು. ನನ್ನ ಅಚ್ಚು ಅವಳ ಮನೆಗೆ ಹೋಯಿತು.

ಜನವರಿ 20, ಸೋಮವಾರ

ಶೇಷಮ್ಮನವರು ಬಂದಿದ್ದರು. ಕೇಂದ್ರ ಕಟ್ಟಿದವರೇ ಅವರು, ಎಪ್ಪತ್ತು ದಾಟಿದರೂ ಕಾರ್ಯದರ್ಶಿ ಕುರ್ಚಿ ಬಿಟ್ಟಿಲ್ಲ. ಮಾರ್ಚಿನಿಂದ ಮುಂದಿನ ಹಾಲ್‌ನ ಅರ್ಧ ಕಂಪ್ಯೂಟರ್ ತರಗತಿಗೆ ಹೋಗುತ್ತದಂತೆ. ಹಾಗಾಗಿ ಕಟಿಂಗ್ ಟೇಬಲ್ ಒಂದೇ ಉಳಿಯುತ್ತದೆ, ಕಟಿಂಗ್ ಟೀಚರೂ ಒಬ್ಬರೇ. ಇನ್ನೊಬ್ಬರು ಹಿಂದಿನ ಕೋಣೆಯಲ್ಲಿ ಹುಕ್ಕು, ಗುಂಡಿ ತೂತಿನ ಕಾಜಾ, ಅಂಚು ಮಡಿಸುವ ಹೆಮ್ಮಿಂಗ್ ಕಲಿಸಬೇಕು. ಯಾರು ಎಲ್ಲಿ ಎಂಬುದನ್ನು ತಿಂಗಳ ಕೊನೆಗೆ ಹೇಳುತ್ತಾರಂತೆ, ಅಲ್ಲಿಯವರೆಗೆ ಇಬ್ಬರ ಕೆಲಸ ನೋಡುತ್ತಾರಂತೆ.

ನೋಡುವುದು ಏನಿದೆ? ಈ ಊರಿನ ಅರ್ಧ ಬೊಟೀಕುಗಳಲ್ಲಿ ಕತ್ತರಿ ಹಿಡಿದಿರುವವರು ನನ್ನ ಹುಡುಗಿಯರು. ಆದರೆ ಶೇಷಮ್ಮ ಹೊರಡುವಾಗ ಹೊಸಬಳ ಬೆನ್ನು ತಟ್ಟಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಹುಕ್ಕು ಹೊಲಿಯುತ್ತಾ ಕೂತಿರುವ ನನ್ನನ್ನೇ ನಾನು ನೋಡಿದ ಹಾಗಾಯಿತು. ಹೊಟ್ಟೆಕಿಚ್ಚು ಎನ್ನುವರೇನೋ. ಹೌದು, ಹೊಟ್ಟೆಕಿಚ್ಚೇ. ಬರೆದುಕೊಳ್ಳಲು ನನಗೇನು ನಾಚಿಕೆ?

ಇನ್ನೊಂದು. ಮಧುರಾ ಇವತ್ತಿನಿಂದ ಅವಳ ಟೇಬಲ್ಲಿಗೆ ಹೋಗಿ ನಿಂತಿದ್ದಾಳೆ. ಅಲ್ಲಿ ಬೆಳಕು ಜಾಸ್ತಿ ಮೇಡಂ ಎಂದಳು. ಬೆಳಕಂತೆ.

ಜನವರಿ 23, ಗುರುವಾರ

ಬ್ರ್ಯಾಕೆಟ್ ಇಲ್ಲದ ಕಡೆ ಏನು ಮಾಡಬೇಕು ಎಂದು ಹುಡುಗಿಯರು ಹೊಸಬಳನ್ನು ಕೇಳಿದರು. ಅವಳು ಹಲಗೆಯ ಮೇಲೆ ಏಣಿಯೊಂದನ್ನು ಬರೆದಳು. ಮೇಲಿನ ಮೆಟ್ಟಿಲು ಬ್ರ್ಯಾಕೆಟ್, ಅದರ ಕೆಳಗೆ ಭಾಗಿಸುವುದು, ಆಮೇಲೆ ಗುಣಿಸುವುದು, ಆಮೇಲೆ ಕೂಡುವುದು, ಎಲ್ಲಕ್ಕಿಂತ ಕೆಳಗೆ ಕಳೆಯುವುದು. ಬಾಡ್‌ಮಾಸಿನ ಅಕ್ಷರಗಳ ಕ್ರಮ. ಮೇಲಿನ ಮೆಟ್ಟಿಲ ಕೆಲಸ ಮುಗಿಯದೆ ಕೆಳಗಿನ ಮೆಟ್ಟಿಲಿಗೆ ಇಳಿಯಬಾರದು ಎಂದಳು. ಹುಡುಗಿಯರು ಏಣಿಯನ್ನು ಫೋಟೋ ತೆಗೆದುಕೊಂಡರು.

ಅದರಲ್ಲಿ ಏನೋ ಹುಳುಕಿದೆ ಎಂದು ನನಗೆ ಅನಿಸಿತು. ಏನೆಂದು ಹೊಳೆಯಲಿಲ್ಲ. ಹೊಳೆಯದ್ದನ್ನು ಬಾಯಿಬಿಟ್ಟು ಹೇಳಿ ಇನ್ನೊಂದು ಸಲ ನಗೆಪಾಟಲಾಗುವುದು ಬೇಡವೆಂದು ಸುಮ್ಮನಿದ್ದೆ. ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಯೋಚಿಸಿದೆ, ಇಂದಿರಾನಗರ ಬರುವಷ್ಟರಲ್ಲಿ ಬೇರೆ ಯೋಚನೆ ಬಂತು. ಅವಳು ಹಲಗೆಯ ಮೇಲೆ ಎಷ್ಟು ನೇರವಾಗಿ ಗೆರೆ ಎಳೆಯುತ್ತಾಳೆ ಎಂಬ ಯೋಚನೆ.

ಜನವರಿ 28, ಮಂಗಳವಾರ

ಮಧುರಾಳ ಅಕ್ಕನ ನಿಶ್ಚಿತಾರ್ಥ ಈ ಭಾನುವಾರ. ಅವರ ತಾಯಿಯ ಧಾರೆ ಸೀರೆಯ ಜೊತೆ ಬಂದಿದ್ದ ರವಿಕೆ ತುಂಡು, ಮೂವತ್ತು ವರ್ಷದಿಂದ ಹೊಲಿಸದೆ ಸೀರೆಯೊಳಗೇ ಮಡಿಸಿ ಇಟ್ಟಿದ್ದರಂತೆ. ಮಾವಿನಕಾಯಿ ಹಸಿರು, ಕೈಯಲ್ಲಿ ಹಿಡಿದರೆ ನೀರಿನ ಹಾಗೆ ಜಾರುತ್ತದೆ. ಅಂಥದ್ದು ಈಗ ಯಾರೂ ನೇಯುವುದಿಲ್ಲ. ಅದನ್ನು ತಾನೇ ಹೊಲಿದು ಅಕ್ಕನಿಗೆ ತೊಡಿಸುತ್ತೇನೆಂದು ಮಧುರಾ ಹೊಸಬಳ ಟೇಬಲ್ಲಿಗೆ ತಂದಳು. ನನ್ನ ಟೇಬಲ್ಲಿಗಲ್ಲ.

ಬೆನ್ನಿನ ಭಾಗಕ್ಕೆ ನಾನು ಬರೆಸಿದ್ದು: ಎದೆ ÷ 4 − 1 + ½. ಕಾಲುಭಾಗ ಮಾಡಿ, ಒಂದು ಕಳೆದು, ಟಕ್ಸ್ ಮಡಿಕೆ ಹಿಡಿಯಲು ಅರ್ಧ ಕೂಡಿಸು. ಮೂವತ್ತಾರಕ್ಕೆ ಒಂಬತ್ತು, ಎಂಟು, ಎಂಟೂವರೆ. ನಾನು ಕತ್ತರಿ ಎಣ್ಣೆ ತರಲು ಆ ಕಡೆ ಹೋದಾಗ ಮಧುರಾ ಹಾಕಿದ್ದ ಸುಣ್ಣದ ಗೆರೆ ಕಣ್ಣಿಗೆ ಬಿತ್ತು. ಟೇಪು ಬೇಕಾಗಲಿಲ್ಲ. ಗೆರೆ ಒಂದಿಂಚು ಒಳಗಿತ್ತು. ಏಳೂವರೆ. ತುಂಡು ಚಿಕ್ಕದು, ಬಿಟ್ಟ ಅಂಚೂ ಅರ್ಧ ಇಂಚಷ್ಟೇ. ಕತ್ತರಿ ಆಡಿದರೆ ಆ ರವಿಕೆ ಯಾವ ಕಾಲಕ್ಕೂ ಕೂಡಿಬರುವುದಿಲ್ಲ.

ನೋಡಿದೆ. ನಿಂತೆ. ಎದುರಿಗಿದ್ದ ಹೊಸಬಳು ಗೆರೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದಳು. ನೋಡಿ, ನಿಮ್ಮ ಮಧುರಾ ಈಗ ಯಾರ ಟೇಬಲ್ಲಿನಲ್ಲಿದ್ದಾಳೆ ಎನ್ನುವ ಹಾಗೆ. ಅವಳ ಟೇಬಲ್, ಅವಳ ಹುಡುಗಿ, ಅವಳ ಏಣಿ. ನಾನು ಎಣ್ಣೆ ತೆಗೆದುಕೊಂಡು ಬಂದುಬಿಟ್ಟೆ. ಆಮೇಲೆ ಕಾಫಿಗೆ ಹೋದೆ. ಕಾಫಿ ಕುಡಿಯುವಾಗ ಕತ್ತರಿಯ ಸದ್ದು ಕೇಳಿಸಿತು.

ಜನವರಿ 29, ಬುಧವಾರ

ರವಿಕೆ ಹೊಲಿದಾಯಿತು. ಅಕ್ಕ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹಾಕಿಕೊಂಡು ನೋಡಲು ಬಂದಿದ್ದಳು. ಮುಂದಿನ ಹುಕ್ಕುಪಟ್ಟಿಗಳ ನಡುವೆ ಎರಡಿಂಚು ಜಾಗ. ಉಸಿರು ಎಳೆದು ಹಿಡಿದರೂ ಸೇರಲಿಲ್ಲ. ಅಕ್ಕ ಪರವಾಗಿಲ್ಲ, ಅಂಗಡಿಯಿಂದ ರೆಡಿಮೇಡ್ ತಂದುಕೊಳ್ಳುತ್ತೇನೆ ಎಂದಳು. ಅಮ್ಮನಿಗೆ ಏನು ಹೇಳಲಿ ಎಂದು ಮಧುರಾ ಮೂಲೆಯಲ್ಲಿ ಮಿಷನ್ನಿಗೆ ತಲೆ ಕೊಟ್ಟು ಅತ್ತಳು.

ಮೆಹ್ವಿಶ್ ಅವಳ ನೋಟ್‌ಬುಕ್ ತೆಗೆದು ನೋಡಿದಳು. ಲೆಕ್ಕ ಅಲ್ಲೇ ಇತ್ತು. ಏಣಿಯಲ್ಲಿ ಕೂಡುವುದು ಮೇಲೆ, ಕಳೆಯುವುದು ಕೆಳಗೆ. ಹಾಗಾಗಿ ಮಧುರಾ ಮೊದಲು ಒಂದಕ್ಕೆ ಅರ್ಧ ಕೂಡಿಸಿ ಒಂದೂವರೆ ಮಾಡಿಕೊಂಡಿದ್ದಾಳೆ, ಆಮೇಲೆ ಅದನ್ನು ಒಂಬತ್ತರಿಂದ ಕಳೆದಿದ್ದಾಳೆ. ಏಳೂವರೆ. ಏಣಿಯಲ್ಲಿದ್ದ ಹುಳುಕು ಆಗ ನನಗೆ ಹೊಳೆಯಿತು. ಮೆಹ್ವಿಶ್‌ಗೂ ಆಗಲೇ ಹೊಳೆಯಿತು. ಅವಳು ಎಲ್ಲರನ್ನೂ ಕರೆದು ಹೇಳಿದಳು.

“ಇದು ಮಧುರಾ ತಪ್ಪಲ್ಲ, ನಂದು. ಕೂಡೋದು ಕಳೆಯೋದು ಎರಡೂ ಒಂದೇ ಮೆಟ್ಟಿಲು. ಎಡಗಡೆಯಿಂದ ಯಾವ್ದು ಮೊದಲು ಬರುತ್ತೋ ಅದನ್ನ ಮೊದಲು ಮಾಡ್ಬೇಕು. ಅಕ್ಷರ ನೋಡ್ಕೊಂಡು ನಾನು ತಪ್ಪು ಹೇಳ್ಕೊಟ್ಟೆ.”

ಎಡಗಡೆಯಿಂದ ಯಾವುದು ಮೊದಲು ಬರುತ್ತದೋ ಅದು. ಹೇಳಿದ ಕ್ರಮದಲ್ಲೇ ಮಾಡು. ಮುನಿಆಂಜನಪ್ಪ ಮೇಷ್ಟ್ರು ಹೇಳಿದ್ದೇ ಬಂತಲ್ಲ ಎಂದು ನಾನು ಹಿಗ್ಗಬೇಕಾಗಿತ್ತು. ಹಿಗ್ಗಿದೆ ಕೂಡ, ಸುಳ್ಳೇಕೆ ಹೇಳಲಿ. ಆದರೆ ಅವಳು ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದು ನನಗೆ ಹಿಡಿಸಲಿಲ್ಲ. ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದು.

ಜನವರಿ 30, ಗುರುವಾರ

ಗೆದ್ದೆ.

ಸುದ್ದಿ ಶೇಷಮ್ಮನವರ ಕಿವಿಗೆ ಬಿದ್ದಿತ್ತು. ಇಬ್ಬರನ್ನೂ ಕರೆಸಿದರು. ಸೋಮವಾರದಿಂದಲೇ ಕಟಿಂಗ್ ಪೂರ್ತಿ ಸುಭದ್ರಮ್ಮನವರದ್ದು, ಅಂದರೆ ನನ್ನದು, ಮೆಹ್ವಿಶ್ ಹಿಂದಿನ ಕೋಣೆಗೆ ಎಂದರು. ಯಾರದೋ ಮನೆಯ ಧಾರೆ ಬಟ್ಟೆ ಹಾಳು ಮಾಡಿದ ಮೇಲೆ ಇನ್ನು ಯೋಚಿಸುವುದೇನಿದೆ ಎಂದರು. ಅವಳು ಸರಿ ಅಮ್ಮ ಎಂದಳು, ಅಷ್ಟೇ. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದೆ.

ಬರುವಾಗ ಅಂಗಡಿಯಿಂದ ಮೈಸೂರು ಪಾಕು ತಂದೆ. ಏನು ವಿಶೇಷ ಎಂದು ಯಜಮಾನರು ಕೇಳಿದರು, ಹೇಳಿದೆ. ಪಾಪ ಆ ಹುಡುಗಿ ಎಂದು ಎರಡು ತುಂಡು ತಿಂದರು. ನಾನು ಅರ್ಧ ತುಂಡು ಬಾಯಿಗಿಟ್ಟುಕೊಂಡೆ. ಇನ್ನರ್ಧ ಡಬ್ಬಿಗೇ ಹಾಕಿದೆ, ತುಪ್ಪ ಹಳೆಯದೇನೋ.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮಂಗಳವಾರ ನೀವು ಎಲ್ಲಿದ್ದಿರಿ ಎಂದು ಶೇಷಮ್ಮ ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕಾಫಿಗೆ ಹೋಗಿದ್ದೆ ಎಂದೂ ಹೇಳಬಹುದಿತ್ತು. ಅದೂ ನಿಜವೇ.

ಜನವರಿ 31, ಶುಕ್ರವಾರ

ಬೇಗ ಹೋದೆ. ಕೇಂದ್ರದ ಬೀಗ ತೆಗೆದಿತ್ತು. ಮೆಹ್ವಿಶ್ ಆ ರವಿಕೆಯ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಬ್ಲೇಡಿನಲ್ಲಿ ಒಂದೊಂದೇ ನೂಲು, ಬಟ್ಟೆಗೆ ಗೀರು ಬೀಳದ ಹಾಗೆ. ಅಷ್ಟು ಬೇಗ ಬಂದು ಎಷ್ಟು ಹೊತ್ತಾಗಿತ್ತೋ, ಟೇಬಲ್ ಮೇಲಿನ ಚಹಾ ಕೆನೆ ಕಟ್ಟಿತ್ತು. ಬಿಚ್ಚಿದ ಮೇಲೆ ಏನು ಮಾಡುತ್ತೀಯ ಎಂದು ಕೇಳಿದೆ. ಗೊತ್ತಿಲ್ಲ ಮೇಡಂ, ಅಬ್ಬಾನನ್ನು ಕೇಳಿದೆ, ಹೊಸ ಬಟ್ಟೆ ತಗೋ ಎಂದರು ಎಂದಳು.

ನನಗೆ ಗೊತ್ತಿತ್ತು. ಮಧುರಾಗೆ ಫೋನ್ ಮಾಡಿ ಸೀರೆಯನ್ನೇ ತರಲು ಹೇಳಿದೆ. ಸೀರೆ ಉಡುವಾಗ ಸೊಂಟದೊಳಗೆ ಸಿಕ್ಕಿಸುವ ತುದಿ ಹೊರಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿಂದ ಎರಡು ಪಟ್ಟಿ ತೆಗೆದರೆ ಒಂದೇ ಮಗ್ಗ, ಒಂದೇ ಬಣ್ಣ. ಕಂಕುಳಿನ ಕೆಳಗೆ, ಬೆನ್ನಿನ ಭಾಗಕ್ಕೆ ಆಚೆಗೊಂದು ಈಚೆಗೊಂದು ಸೇರಿಸಿದರೆ ತೋಳು ಎತ್ತಿದರೂ ಕಾಣುವುದಿಲ್ಲ. ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ: (36 ÷ 4 − 1) + ½ = 8½. ಈಗಿರುವುದು 7½. ಕಡಿಮೆ ಬಿದ್ದದ್ದು 1, ಎರಡು ಅಂಚಿನ ಹೊಲಿಗೆಗೆ (½ + ½), ಪಟ್ಟಿ ಎರಡಿಂಚು. ಸೀರೆಗೆ ಕತ್ತರಿ ಹಾಕುವಾಗ ಮಧುರಾ ಕಣ್ಣು ಮುಚ್ಚಿಕೊಂಡಳು. ನಾನು ಒಂದೇ ಎಳೆತಕ್ಕೆ ಕತ್ತರಿಸಿದೆ.

ಪಟ್ಟಿ ಜೋಡಿಸುವ ಕೆಲಸ ಮಿಷನ್ನಿನಲ್ಲಿ ಆಗುವಂಥದ್ದಲ್ಲ, ರೇಷ್ಮೆ ಸುಕ್ಕಾಗುತ್ತದೆ. ಒಂದು ಕಡೆ ನಾನು, ಒಂದು ಕಡೆ ಮೆಹ್ವಿಶ್ ಕೈಯಲ್ಲೇ ಹೊಲಿದೆವು. ಮಧ್ಯಾಹ್ನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಕಡೆ ಹುಡುಕಿದರೆ ಹೊಲಿಗೆ ಸಿಗುತ್ತದೆ. ಅವಳ ಕಡೆ ಹುಡುಕಿದರೂ ಸಿಗುವುದಿಲ್ಲ. ಮೈ ಉರಿದುಹೋಯಿತು. ನನ್ನ ಕಡೆಯದನ್ನು ಬಿಚ್ಚಿ ಇನ್ನೊಂದು ಸಲ ಹಾಕಿದೆ. ಅವಳು ತನ್ನ ಡಬ್ಬಿಯಿಂದ ಸಣ್ಣ ಸೂಜಿಯೊಂದನ್ನು ತೆಗೆದು ನನ್ನ ಕಡೆ ಸರಿಸಿದಳು. ತೆಗೆದುಕೊಂಡೆ. ಒಳ್ಳೆಯ ಸೂಜಿ. ಎಲ್ಲಿ ಸಿಗುತ್ತದೆ ಎಂದು ಕೇಳಲು ಮರೆತೆ.

ಫೆಬ್ರವರಿ 1, ಶನಿವಾರ

ಬೆಳಿಗ್ಗೆ ಮಧುರಾಳ ಅಕ್ಕ ಹಾಕಿಕೊಂಡು ನೋಡಿದಳು. ಹುಕ್ಕು ಎಲ್ಲವೂ ಸೇರಿದವು. ಅವಳು ಎರಡೂ ಕೈ ಮೇಲೆತ್ತಿದಳು, ಇಳಿಸಿದಳು, ಕನ್ನಡಿಯ ಮುಂದೆ ತಿರುಗಿದಳು. ಪಟ್ಟಿ ಎಲ್ಲಿದೆ ಎಂದು ಮಧುರಾ ತಾನೇ ಹುಡುಕಿ ಸೋತಳು. ಇಬ್ಬರೂ ನನ್ನ ಕಾಲಿಗೆ ಬಿದ್ದರು. ಮೆಹ್ವಿಶ್‌ಗೂ ಬೀಳಲು ಹೋದಾಗ ಅವಳು ಅಯ್ಯೋ ಬೇಡ ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅವರು ಆಟೋ ಹತ್ತಿದ ಮೇಲೆ ಹಾಲ್‌ನಲ್ಲಿ ನಾವಿಬ್ಬರೇ ಉಳಿದೆವು.

ಅವಳು ತನ್ನ ಟೇಬಲ್ ಖಾಲಿ ಮಾಡುತ್ತಿದ್ದಳು. ಸೋಮವಾರದಿಂದ ಹಿಂದಿನ ಕೋಣೆಯಲ್ಲವೇ. ಸ್ಕೇಲು, ಕತ್ತರಿ, ಸುಣ್ಣದ ಡಬ್ಬಿ ಒಂದೊಂದಾಗಿ ಚೀಲಕ್ಕೆ ಹೋಗುತ್ತಿದ್ದವು. ನಾನು ಹೇಳಲೇಬೇಕು ಎಂದುಕೊಂಡಿರಲಿಲ್ಲ. ಕಾಲಿಗೆ ಬಿದ್ದ ಆ ಹುಡುಗಿಯರ ತಲೆ ಮುಟ್ಟಿದ್ದ ಕೈ ಸುಮ್ಮನಿರಲಿಲ್ಲವೋ ಏನೋ, ಅವಳ ಸ್ಕೇಲನ್ನು ಹಿಡಿದು ನಿಲ್ಲಿಸಿದೆ.

“ಮಂಗಳವಾರ ಆ ಗೆರೆ ನಾನು ನೋಡಿದ್ದೆ ಕಣಮ್ಮ. ಒಂದಿಂಚು ಕಡಿಮೆ ಇದೆ ಅಂತ ಅವಾಗ್ಲೇ ಗೊತ್ತಾಯ್ತು. ಬೇಕಂತಲೇ ಹೇಳ್ಲಿಲ್ಲ.”

ಅವಳು ಸ್ಕೇಲನ್ನು ಎಳೆದುಕೊಳ್ಳಲಿಲ್ಲ. ಅದರ ಮೇಲಿನ ಇಂಚಿನ ಗೆರೆಗಳನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು, ಇಬ್ಬರ ಮನಸ್ಸೂ ಹಗುರಾಗುತ್ತಿತ್ತು.

“ನನಗೂ ಅನುಮಾನ ಬಂದಿತ್ತು ಮೇಡಂ,” ಎಂದಳು. “ಗೆರೆ ಒಳಗಿದೆ ಅನ್ಸ್ತು. ಲೆಕ್ಕ ನೋಡಿದ್ರೆ ಏಣಿ ಪ್ರಕಾರ ಸರಿ ಇತ್ತು. ಕತ್ತರಿಸು ಅನ್ನೋಕೆ ಧೈರ್ಯ ಬರ್ಲಿಲ್ಲ. ಅಷ್ಟರಲ್ಲಿ ನೀವು ಬಂದು ಗೆರೆ ನೋಡಿದ್ರಿ. ನಾನು ನಿಮ್ಮ ಮುಖ ನೋಡ್ದೆ. ನೀವು ಏನೂ ಅನ್ನದೆ ಹೋದ್ರಿ. ತಪ್ಪಿದ್ರೆ ಮೇಡಂ ಕಣ್ಣಿಗೆ ಬೀಳದೆ ಇರಲ್ಲ, ಬಿದ್ರೆ ಹೇಳ್ದೆ ಇರಲ್ಲ ಅಂತ ಮಧುರಾಗೆ ಕತ್ತರಿಸು ಅಂದೆ.”

ಇಷ್ಟು ಹೇಳಿ ಸ್ಕೇಲನ್ನು ನನ್ನ ಕೈಯಲ್ಲೇ ಬಿಟ್ಟು, ಚೀಲ ತೆಗೆದುಕೊಂಡು ಹೋದಳು. ಸ್ಕೂಟರಿನ ಸದ್ದು ದೂರ ಹೋಗುವವರೆಗೂ ನಾನು ನಿಂತೇ ಇದ್ದೆ.

ಮೂರು ತಿಂಗಳಿಂದ ಅವಳ ಮೇಲೆ ಎಷ್ಟು ಕುದ್ದಿದ್ದೆ. ಹುಡುಗಿಯರು ಅವಳ ಮಾತು ಕೇಳುತ್ತಾರೆ, ಮಧುರಾ ಕೇಳುತ್ತಾಳೆ, ಶೇಷಮ್ಮ ಕೇಳುತ್ತಾರೆ, ಕಟ್ಟಿಕೊಂಡ ಗಂಡನೂ ಅವಳನ್ನೇ ಸರಿ ಎನ್ನುತ್ತಾನೆ. ಆ ಹಾಲ್‌ನಲ್ಲಿ ತನ್ನ ಲೆಕ್ಕಕ್ಕಿಂತ ನನ್ನ ಕಣ್ಣನ್ನು ಹೆಚ್ಚು ನಂಬಿದವಳು ಒಬ್ಬಳೇ ಇದ್ದಳು. ಅವಳ ಮುಖ ನೋಡಿ ನಾನು ಕಾಫಿಗೆ ಹೋದೆ.

ಫೆಬ್ರವರಿ 3, ಸೋಮವಾರ

ಮೊದಲು ಶೇಷಮ್ಮನವರ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ, ಕ್ರಮವಾಗಿ, ಯಾವುದನ್ನೂ ಬಿಡದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಪ್ಪತ್ತಮೂರು ವರ್ಷದಲ್ಲಿ ನೀವು ಹೀಗೆ ಮಾಡುತ್ತೀರಿ ಎಂದು ಯಾರಾದರೂ ಹೇಳಿದ್ದರೆ ಅವರನ್ನೇ ಬೈಯುತ್ತಿದ್ದೆ ಎಂದರು. ಟೇಬಲ್ ಮೆಹ್ವಿಶ್‌ಗೆ ಹೋಯಿತು. ಹಿಂದಿನ ಕೋಣೆ ನನಗೆ.

ಹಿಂದಿನ ಕೋಣೆಯ ಟ್ಯೂಬ್‌ಲೈಟ್ ಮಿಟುಕುತ್ತದೆ, ಯಾರಿಗಾದರೂ ಹೇಳಬೇಕು. ಹುಕ್ಕು ಹೊಲಿಯುವುದನ್ನು ನಾಲ್ವರು ಹುಡುಗಿಯರಿಗೆ ತೋರಿಸುತ್ತಿದ್ದೆ. ಮುಂದಿನ ಹಾಲ್‌ನಲ್ಲಿ ಸುಣ್ಣ ಬಟ್ಟೆಯ ಮೇಲೆ ಉಜ್ಜುವ ಸದ್ದು ಕೇಳುತ್ತಿತ್ತು. ಆ ಸದ್ದಿಗೇ ಹೊಟ್ಟೆ ಉರಿಯಿತು. ಯಾವ ಗೆರೆ, ಎಷ್ಟು ಇಂಚು ಎಂದು ಕೂತಲ್ಲೇ ಎಣಿಸುತ್ತಿದ್ದೆ. ಸದ್ದು ನಿಂತಿತು. ಬಾಗಿಲಲ್ಲಿ ಮೆಹ್ವಿಶ್ ನಿಂತಿದ್ದಳು. ನಗಲಿಲ್ಲ, ಶನಿವಾರದ್ದು ಅವಳ ಮುಖದಲ್ಲಿ ಇನ್ನೂ ಇತ್ತು. ಒಂದು ನಿಮಿಷ ಬರುತ್ತೀರಾ ಮೇಡಂ ಎಂದಳು.

ಹೋದೆ. ಟೇಬಲ್ ಮೇಲೆ ಯಾರದೋ ಬಿಳಿ ಬಟ್ಟೆ, ಅದರ ಮೇಲೆ ಅವಳ ಗೆರೆ. ಸುತ್ತಲೂ ಹುಡುಗಿಯರು, ಮಧುರಾ ಕೂಡ. ಮೆಹ್ವಿಶ್ ಕತ್ತರಿ ಹಿಡಿದು, ಗೆರೆಯನ್ನಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಗೆರೆ ಸರಿಯಾಗಿತ್ತು, ನಾನು ಎಳೆಯುವುದಕ್ಕಿಂತ ನೇರವಾಗಿತ್ತು. ಸುಮ್ಮನಿದ್ದರೂ ಅವಳು ಕತ್ತರಿಸುತ್ತಿದ್ದಳು.

ಸರಿಯಿದೆ, ಕತ್ತರಿಸು ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಎಂದೆ.